ಕರ್ತೃಪದವಿಲ್ಲದ ವಾಕ್ಯ

ವಿಶ್ವವಿದ್ಯಾನಿಲಯದ ಕಿರುಪ್ರವಾಸದಲ್ಲಿ ವಿದ್ಯಾರ್ಥಿಗಳೊಡನೆ ಹಿರೋಷಿಮಾದ ಶಾಂತಿ ಉದ್ಯಾನಕ್ಕೆ ಹೋಗಿದ್ದೆ. 1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಅಣುಬಾಂಬು ಸಿಡಿದ ಊರದು. 1952ರಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕಮಾನಿನಡಿಯ ಶಿಲೆಯ ಮೇಲೆ ಒಂದು ವಾಕ್ಯವುಂಟು. ಸತ್ತವರಿಗೆ ಶಾಂತಿ ಹಾರೈಸಿ, ತಪ್ಪನ್ನು ಮತ್ತೆ ಎಸಗದ ಭರವಸೆ ನೀಡುವ ವಾಕ್ಯ. ರಚಿಸಿದವರು ಸೈಕಾ ತಾದಯೋಷಿ. ಅಲ್ಲಿಯ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಪ್ರಾಧ್ಯಾಪಕರು, ತಾವೂ ಆ ಬಾಂಬಿಗೆ ಸಿಕ್ಕಿ ಉಳಿದವರು.

ಮೂಲದಲ್ಲಿ ಕರ್ತೃಪದವಿಲ್ಲ, ಜಪಾನೀ ಕ್ರಿಯಾಪದವೂ ಕರ್ತೃವನ್ನು ಸೂಚಿಸದು. ಹಾಗಾದರೆ ತಪ್ಪು ಯಾರದು? ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ನ್ಯಾಯಾಧೀಶರಾಗಿದ್ದ ನಮ್ಮ ದೇಶದ ರಾಧಾವಿನೋದ ಪಾಲರು 1952ರಲ್ಲಿಯೇ ಆಕ್ಷೇಪಿಸಿದರು: ಬಾಂಬು ಹಾಕಿದವರು ಜಪಾನೀಯರಲ್ಲವಷ್ಟೆ! ಮನುಕುಲವೇ ಕರ್ತೃವೆಂದು ಸೈಕಾ ಉತ್ತರವಿತ್ತರು.

“ಕನ್ನಡದಲ್ಲಿ ಹೇಗೆ ಹೇಳುವುದು, ಸಾರ್?” ಎಂದಳೊಬ್ಬ ವಿದ್ಯಾರ್ಥಿನಿ.

ಕರ್ತೃಪದವನ್ನು ನಾವೂ ಬಿಡಬಲ್ಲೆವು. ಆದರೆ ನಮ್ಮ ಆಖ್ಯಾತಪ್ರತ್ಯಯ ಗುಟ್ಟು ಬಿಟ್ಟುಕೊಡುತ್ತದೆ. ‘ಮಾಡರು’ ಎಂದರೆ ಹೊಣೆ ಅವರದು. ‘ಮಾಡೆವು’ ಎಂದರೆ ನಮ್ಮದು. ‘ತಪ್ಪು ನಡೆಯದು’ ಎಂದು ಜಾರಿಕೊಳ್ಳಲೂಬಹುದಿತ್ತು. ಇಪ್ಪತ್ತು ವರ್ಷ ವ್ಯಾಕರಣ ಬೋಧಿಸಿದ ನನಗೆ ಪ್ರತ್ಯಯವೊಂದು ಅಷ್ಟು ಭಾರವೆನಿಸಿದ್ದು ಅಂದೇ.

“ಮಾಡೆವು ಎಂದು ಬರೆದುಕೊಳ್ಳಮ್ಮ” ಎಂದೆ.