ಬಾಡಿಗೆ ಮನೆಗೆ ಎರಡೇ ತಿಂಗಳ ಅಡ್ವಾನ್ಸ್: ಈ ಫಾರ್ವರ್ಡ್ ನಿಜವೇ?

‘ಮಾಲೀಕರು ಇನ್ನು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಹೊಸ ಕಾನೂನು ಬಂದಿದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಬೆಂಗಳೂರಿಗೆ ಬರುವವರು ಇದನ್ನು ನಂಬಿ ಅಷ್ಟೇ ಹಣ ಹೊಂದಿಸಿಕೊಂಡರೆ ಕಷ್ಟಕ್ಕೆ ಸಿಲುಕುತ್ತಾರೆ.

ನಿಜವೇನು?
ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇರುವುದು ಹೌದು. ಆದರೆ ಅದು ಹೆಸರೇ ಹೇಳುವಂತೆ ಬರೀ ಮಾದರಿ. ರಾಜ್ಯವೇ ಅದರಂತೆ ಕಾನೂನು ಮಾಡಿದರೆ ಮಾತ್ರ ಅನ್ವಯ. ಕರ್ನಾಟಕದಲ್ಲಿರುವುದು 1999ರ ಬಾಡಿಗೆ ಕಾಯ್ದೆ. ಹಾಗಾಗಿ ಬೆಂಗಳೂರಿನಲ್ಲಿ ಐದಾರು ತಿಂಗಳ, ಕೆಲವೆಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇದೆ.

ಲೆಕ್ಕ ಹಾಕೋಣ. 15,000 ರೂ. ಬಾಡಿಗೆಯ ಮನೆಗೆ ಆರು ತಿಂಗಳೆಂದರೆ 90,000 ರೂ. ಮೂವರು ಗೆಳೆಯರು ಸೇರಿದರೆ ತಲಾ 30,000.

ಏನು ಮಾಡಬಹುದು?
* ಮೊದಲ ತಿಂಗಳು ಪಿಜಿಯಲ್ಲಿದ್ದು, ಆಫೀಸಿನ ದಾರಿ ನೋಡಿಕೊಂಡು ಮನೆ ಹುಡುಕಿ.
* ಅಡ್ವಾನ್ಸ್ ಬಗ್ಗೆ ಚೌಕಾಸಿ ಮಾಡಿ. ಕೊಡುವಾಗ ಬ್ಯಾಂಕ್ ಮೂಲಕವೇ ಕೊಡಿ.
* ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಉಳಿದದ್ದು ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನು ಕರಾರಿನಲ್ಲಿ ಬರೆಸಿ.
* ಮನೆ ನೋಡದೆ ಟೋಕನ್ ಹಣ ಕಳಿಸಬೇಡಿ. ‘ಹಣ ವಾಪಸ್ ಹಾಕುತ್ತೇವೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂದರೆ ಅದು ಮೋಸ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಸಂದೇಶ ಅರ್ಧಸತ್ಯ. ಊರಿಂದ ಹೊರಡುವವರಿಗೆ ಅದನ್ನು ಕಳಿಸುವ ಬದಲು ಈ ಲೆಕ್ಕ ಕಳಿಸಿ.