ಸ್ವಲೀನ ಮಗುವಿಗೆ ಮನೆಯೊಳಗೊಂದು ಶಾಂತಿಯ ಮೂಲೆ

ಮಹಾನಗರದ ಸಂಜೆಯೆಂದರೆ ಸದ್ದಿನ ಸಂತೆ. ಮುಂಬಯಿಯ ಉಪನಗರವೊಂದರಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರವನ್ನು ಕಲ್ಪಿಸಿಕೊಳ್ಳಬಹುದು. ಕುಕ್ಕರು ಸೀಟಿ ಹಾಕುತ್ತಿದೆ. ನೆರೆಮನೆಯ ಟೆಲಿವಿಜನ್ನಿನ ಗದ್ದಲ ಗೋಡೆ ದಾಟಿ ಬರುತ್ತಿದೆ. ಕೆಳಗೆ ರಸ್ತೆಯಲ್ಲಿ ಗಣೇಶೋತ್ಸವದ ಢೋಲು-ತಾಶೆಗಳ ಮೆರವಣಿಗೆ ಸಾಗಿದೆ. ಅಷ್ಟರಲ್ಲಿ ಕರೆಗಂಟೆ ಬಾರಿಸಿ, ಊರಿನಿಂದ ಬಂದ ತಾಯಿಯ ಸೋದರಮಾವನವರು ಒಳಗೆ ಕಾಲಿಡುತ್ತಾರೆ. ಆರು ವರ್ಷದ ಬಾಲಕ ಎರಡೂ ಕಿವಿಗಳನ್ನು ಮುಚ್ಚಿಕೊಂಡು, ಚೀರುತ್ತ ಮಂಚದ ಕೆಳಗೆ ನುಸುಳುತ್ತಾನೆ. "ಏನು ಹಟವಮ್ಮಾ ನಿನ್ನ ಮಗನದು! ಮುದ್ದು ಹೆಚ್ಚಾಯಿತು" ಎಂದು ಹಿರಿಯರು ನುಡಿಯುತ್ತಾರೆ. ತಾಯಿ ನಾಚಿ ಮಗನನ್ನು ಹೊರಗೆಳೆಯಲು ಹೋಗುತ್ತಾಳೆ, ಚೀರಾಟ ಇಮ್ಮಡಿಯಾಗುತ್ತದೆ.

ಆ ಬಾಲಕನಿಗೆ ಆಟಿಸಂ, ಎಂದರೆ ಸ್ವಲೀನತೆ ಇದ್ದಲ್ಲಿ, ಇದು ಹಟವೂ ಅಲ್ಲ, ಮುದ್ದಿನ ಫಲವೂ ಅಲ್ಲ. ತಂದೆತಾಯಿಗಳು ಬೆಳೆಸಿದ ರೀತಿಯಿಂದ ಸ್ವಲೀನತೆ ಉಂಟಾಗುವುದಿಲ್ಲ. ಮಂಚದ ಕೆಳಗಿನ ಕತ್ತಲು ಆ ಮಗು ತಾನೇ ಕಂಡುಕೊಂಡ ಆಶ್ರಯ. ಅದನ್ನು ಕಸಿದುಕೊಳ್ಳುವ ಬದಲು ಇನ್ನಷ್ಟು ಹಿತಕರವಾಗಿ ಮಾಡಿಕೊಡುವುದೇ ವಿವೇಕದ ಮಾರ್ಗ.

ಇಂದ್ರಿಯಗಳ ಹೊರೆ

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯರಾದ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳನ್ನು ಕುರಿತು ಪ್ರಕಟಿಸಿದ ಪ್ರಬಂಧದಿಂದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ರೂಪ ದೊರೆಯಿತು. ಲಿಫ್ಟು, ಧೂಳು ಹೀರುವ ಯಂತ್ರ, ಹರಿಯುವ ನೀರು, ಮೊಟ್ಟೆ ಕಡೆಯುವ ಸಾಧನ, ಕಡೆಗೆ ಬೀಸುವ ಗಾಳಿ ಕೂಡ ಅಂಥ ಮಕ್ಕಳನ್ನು ಬೆದರಿಸಬಲ್ಲುದೆಂದು ಅವರು ಅಂದೇ ಬರೆದಿದ್ದರು. ಆದರೆ ಇಂದ್ರಿಯ ಸಂವೇದನೆಯ ಏರುಪೇರು ರೋಗನಿರ್ಣಯದ ಲಕ್ಷಣಗಳಲ್ಲಿ ಸ್ಪಷ್ಟ ಶಬ್ದಗಳಲ್ಲಿ ಸೇರಿದುದು 2013ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ.

ಸಾಮಾನ್ಯವಾಗಿ ನಮ್ಮ ಮಿದುಳು ಫ್ಯಾನಿನ ಸದ್ದು, ಅಂಗಿಯ ಹೊಲಿಗೆ, ಒಗ್ಗರಣೆಯ ಘಾಟು ಮುಂತಾದವನ್ನು ಬದಿಗೆ ಸರಿಸಿ, ಬೇಕಾದುದನ್ನು ಮಾತ್ರ ಗಮನಕ್ಕೆ ತರುತ್ತದೆ. ಸ್ವಲೀನತೆಯುಳ್ಳ ಅನೇಕ ಮಕ್ಕಳಿಗೆ ಈ ಸೋಸುವಿಕೆ ಕಷ್ಟ. ಎಲ್ಲವೂ ಏಕಕಾಲದಲ್ಲಿ ಮೇಲೆರಗುತ್ತವೆ. ಇನ್ನು ಕೆಲವರಲ್ಲಿ ಸಂವೇದನೆ ಮಂದವಾಗಿದ್ದು, ಅವರು ಸುತ್ತುವುದು, ಜಿಗಿಯುವುದು, ಗೋಡೆಗೆ ಒತ್ತಿಕೊಳ್ಳುವುದು ಮುಂತಾದವುಗಳಿಂದ ಅದನ್ನು ಅರಸುತ್ತಾರೆ. ಒಂದೇ ಮಗುವಿನಲ್ಲಿ ಎರಡೂ ಬಗೆ ಇರಬಹುದು.

ಹಗುರವಾದ ಸ್ಪರ್ಶಕ್ಕೆ ಬೆಚ್ಚುವ ಮಗು ಗಾಢವಾದ, ಸಮನಾದ ಒತ್ತಡದಿಂದ ಶಾಂತವಾಗುವುದುಂಟು. ಸ್ವತಃ ಸ್ವಲೀನತೆಯುಳ್ಳ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್, ದನಗಳನ್ನು ಚಿಕಿತ್ಸೆಗಾಗಿ ಒತ್ತಿ ಹಿಡಿಯುವ ಚೌಕಟ್ಟನ್ನು ಕಂಡು, ಹದಿಹರೆಯದಲ್ಲಿಯೇ ತಮಗಾಗಿ ಅಂಥದೊಂದು ಯಂತ್ರವನ್ನು ನಿರ್ಮಿಸಿಕೊಂಡರು. ಅದರ ಒತ್ತಡವನ್ನು ಹೆಚ್ಚಿಸುವ, ತಗ್ಗಿಸುವ ಹಿಡಿ ಅವರ ಕೈಯಲ್ಲೇ ಇತ್ತೆಂಬುದು ಗಮನಾರ್ಹ.

ಮೂಲೆಯ ರಚನೆ

ಇದಕ್ಕೆ ಪ್ರತ್ಯೇಕ ಕೋಣೆಯಾಗಲಿ, ದುಬಾರಿ ಉಪಕರಣವಾಗಲಿ ಬೇಕಿಲ್ಲ. ಮೊದಲು ಒಂದೆರಡು ವಾರ ಮಗುವನ್ನು ಗಮನಿಸಿ, ಯಾವ ಹೊತ್ತಿನಲ್ಲಿ, ಯಾವ ಸದ್ದಿಗೆ ಕದಡುತ್ತದೆ, ಎಲ್ಲಿಗೆ ಓಡುತ್ತದೆ ಎಂಬುದನ್ನು ಬರೆದಿಡಬೇಕು. ಮಗು ಓಡುವ ಸ್ಥಳವೇ ಮೂಲೆಗೆ ತಕ್ಕ ಸ್ಥಳ: ಮಂಚದ ಕೆಳಗೆ, ಕಪಾಟಿನ ಪಕ್ಕ, ಅಥವಾ ಮೇಜಿನ ಮೇಲಿಂದ ಹಳೆಯ ಸೀರೆ ಇಳಿಬಿಟ್ಟ ಗೂಡು.

ಬೆಳಕು: ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿನುಗುತ್ತದೆ, ಕೆಲವರಿಗೆ ಅದೂ ಬಾಧಕ. ಅಲ್ಲಿ ಮಂದವಾದ ಹಳದಿ ದೀಪ ಲೇಸು. ಮಿಣುಕು ದೀಪಗಳು ಬೇಡ. ಸ್ವಲೀನತೆಯುಳ್ಳವರಲ್ಲಿ ಮೂರ್ಛೆರೋಗ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ.

ಸದ್ದು: ಜಮಖಾನೆ, ದಪ್ಪ ಪರದೆ, ಹಾಸಿಗೆಗಳು ಕೋಣೆಯೊಳಗಿನ ಸದ್ದನ್ನು ಸ್ವಲ್ಪ ಹೀರಿಕೊಳ್ಳುತ್ತವೆ. ಮಿಕ್ಸಿ ಹಾಕುವ ಮುನ್ನ ಮಗುವಿಗೆ ತಿಳಿಸುವುದೂ ಒಂದು ಉಪಚಾರವೇ.

ಸ್ಪರ್ಶ: ಊರಿನಿಂದ ಬಂದ ಅಜ್ಜಿಯ ಹಳೆಯ ಕೌದಿ ಇಲ್ಲಿ ಬಹಳ ಉಪಯುಕ್ತ, ಮೆದುವಾಗಿಯೂ ಭಾರವಾಗಿಯೂ ಇರುತ್ತದೆ. ಆದರೆ ಅದು ಮುಖ ಮುಚ್ಚಬಾರದು, ಮಗು ತಾನಾಗಿ ಕಿತ್ತೆಸೆಯುವಂತಿರಬೇಕು. ಎಳೆಯ ಮಕ್ಕಳಿಗೆ ಭಾರದ ಹೊದಿಕೆ ಸಲ್ಲದು.

ವಾಸನೆ: ಊದುಬತ್ತಿ, ಫಿನೈಲು, ಸೊಳ್ಳೆಬತ್ತಿಗಳನ್ನು ಆ ಮೂಲೆಯಿಂದ ದೂರವಿಡಬೇಕು.

ಆಟಿಕೆಗಳು ನಾಲ್ಕೈದು ಸಾಕು. ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಮಗುವಿನ ಬಳಿ ಕಾಳು, ಮಣಿಗಳಿರಬಾರದು. ಹಗ್ಗ, ಇಳಿಬಿದ್ದ ತಂತಿ, ಹೊರಗಿನಿಂದ ಹಾಕುವ ಅಗುಳಿ ಸರ್ವಥಾ ಬೇಡ.

ಬಳಸುವ ಕ್ರಮ

"ಮೂಲೆಗೆ ಹೋಗು" ಎಂದು ಗದರಿಸಿದ ದಿನವೇ ಆ ಮೂಲೆ ಸೆರೆಮನೆಯಾಗುತ್ತದೆ. ಅದು ಶಿಕ್ಷೆಯ ಸ್ಥಳವಲ್ಲ. ಹೋಗುವುದೂ ಹೊರಬರುವುದೂ ಮಗುವಿನ ಇಚ್ಛೆ. ಶಾಂತವಾಗಿದ್ದಾಗಲೇ ಅದರ ಪರಿಚಯ ಮಾಡಿಸಬೇಕು. ಮಾತು ಬಾರದ ಮಗುವಿಗೆ ಮೂಲೆಯ ಚಿತ್ರವೊಂದನ್ನು ಕೊಟ್ಟು, ಅದನ್ನು ತೋರಿಸಿ ಕೇಳುವುದನ್ನು ಕಲಿಸಬಹುದು. ಕದಡಿದ ಹೊತ್ತಿನಲ್ಲಿ ಪ್ರಶ್ನೆ, ಉಪದೇಶಗಳು ಹೊರೆಯನ್ನು ಹೆಚ್ಚಿಸುತ್ತವೆ. ಹಿರಿಯರೊಬ್ಬರು ತುಸು ದೂರದಲ್ಲಿ ಮೌನವಾಗಿ ಕುಳಿತರೆ ಸಾಕು. ಅಣ್ಣತಮ್ಮಂದಿರೂ ಆ ಸ್ಥಳವನ್ನು ಗೌರವಿಸಬೇಕು.

ಇದು ಸ್ವಲೀನತೆಯನ್ನು ಗುಣಪಡಿಸುವ ಚಿಕಿತ್ಸೆಯೆಂದು ಭ್ರಮಿಸಲಾಗದು. ಇಂದ್ರಿಯಗಳ ಮೂಲಕ ನೀಡುವ ಚಿಕಿತ್ಸೆಗಳ ಪರಿಣಾಮಕ್ಕೆ ಆಧಾರ ಸೀಮಿತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಮಗುವಿಗೆ ತಕ್ಕ ವಿವರಗಳನ್ನು ಆಕ್ಯುಪೇಶನಲ್ ಥೆರಪಿಸ್ಟರಿಂದ ತಿಳಿಯಬೇಕು. ಚೀರಾಟ ಹಠಾತ್ತಾಗಿ ಹೆಚ್ಚಿದರೆ ಕಿವಿ, ಹಲ್ಲು, ಹೊಟ್ಟೆಯ ನೋವಿರಬಹುದೇ ಎಂದು ವೈದ್ಯರಲ್ಲಿ ಪರೀಕ್ಷಿಸಬೇಕು. ಎಷ್ಟೋ ಮಕ್ಕಳು ನೋವನ್ನು ಹೇಳಲಾರರು.

ನೆಂಟರ ಕಣ್ಣಿಗೆ ಬೀಳದಂತೆ ಮಗುವನ್ನು ಅಡಗಿಸಿಡುವ ಸ್ಥಳವೂ ಇದಲ್ಲ. ಜಗತ್ತು ತನ್ನೊಳಗೆ ಎಷ್ಟು ಬರಬೇಕೆಂಬುದನ್ನು ಮಗು ತಾನೇ ನಿರ್ಧರಿಸುವ ಬಾಗಿಲು ಇದು. ಮೆರವಣಿಗೆ ಸಾಗಿಹೋಗಿ, ಮನೆ ತಣ್ಣಗಾದ ಮೇಲೆ, ಬಾಲಕ ಕೌದಿ ಹೊದ್ದುಕೊಂಡು ತಾನಾಗಿ ಹೊರಬಂದು ತಾಯಿಯ ಬದಿಯಲ್ಲಿ ನಿಂತಾನು. ಆಗ ಅವನನ್ನು ಮಾತನಾಡಿಸಲು ಹಿರಿಯರು ಅವಸರಪಡದಿದ್ದರೆ ಅಷ್ಟೇ ಸಾಕು.