ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಯೋಗಾಲಯ ಆಧಾರಿತ ಕಿರುಯೋಜನೆಗಳು: ನಿರ್ವಹಣೆ ಮತ್ತು ಮೌಲ್ಯಮಾಪನದ ಬಗ್ಗೆ ಮಾಹಿತಿ

1. ಪ್ರಸ್ತಾವನೆ

ಇಂಜಿನಿಯರಿಂಗ್ ಪದವಿ ವ್ಯಾಸಂಗದಲ್ಲಿ ತರಗತಿಯ ಪಾಠ ಹಾಗೂ ನಿಗದಿತ ಪ್ರಯೋಗಗಳ ಜೊತೆಗೆ, ಕೆಲವು ವಾರಗಳ ಅವಧಿಯಲ್ಲಿ ಪ್ರಯೋಗಾಲಯದಲ್ಲಿಯೇ ಪೂರ್ಣಗೊಳಿಸಬಹುದಾದ ಕಿರುಯೋಜನೆಗಳಿಗೂ ಸ್ಥಾನ ನೀಡಲಾಗಿದೆ. ಸಾಮಾನ್ಯವಾಗಿ ಇವುಗಳನ್ನು ಮಿನಿ ಪ್ರಾಜೆಕ್ಟ್ ಎಂದು ಕರೆಯಲಾಗುತ್ತದೆ. ವಿದ್ಯಾರ್ಥಿಯು ತಾನೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ತಾನೇ ಅಳತೆ ಮಾಡಿ, ದೊರೆತ ಉತ್ತರಕ್ಕೆ ತಾನೇ ಹೊಣೆಯಾಗುವುದು ಇವುಗಳ ಮುಖ್ಯ ಉದ್ದೇಶವಾಗಿರುತ್ತದೆ.

ಆದರೆ ಸಿದ್ಧಪಡಿಸಿದ ಪ್ರಾಜೆಕ್ಟ್‌ಗಳನ್ನು ಹಣ ಕೊಟ್ಟು ಪಡೆಯುವ ಅಭ್ಯಾಸವು ನಗರಗಳಲ್ಲಿ ಬೆಳೆದುಬಂದಿರುವುದು ಎಲ್ಲರಿಗೂ ತಿಳಿದ ವಿಷಯ. ಸಾಲ ಮಾಡಿ ಮಕ್ಕಳನ್ನು ಓದಿಸುತ್ತಿರುವ ಪೋಷಕರೂ ಇದನ್ನು ಅನಿವಾರ್ಯ ಖರ್ಚೆಂದು ಭಾವಿಸುವುದುಂಟು. ಈ ಖರ್ಚು ಅನಿವಾರ್ಯವಲ್ಲ. ಕಿರುಯೋಜನೆಯನ್ನು ಹೇಗೆ ನಡೆಸಬೇಕು, ಅಂಕಗಳನ್ನು ಯಾವುದಕ್ಕೆ ನೀಡಲಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ ಲಭ್ಯವಿರುವ ಸಲಕರಣೆಗಳಿಂದಲೇ ಉತ್ತಮ ಕೆಲಸ ಸಾಧ್ಯ. ವಿದ್ಯಾರ್ಥಿಗಳು ಹಾಗೂ ಪೋಷಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಅನ್ವಯವಾಗುವ ನಿಯಮಗಳು

ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪಿತವಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಸದರಿ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮ ಯೋಜನೆಯಲ್ಲಿ ಮಿನಿ ಪ್ರಾಜೆಕ್ಟ್‌ಗೆ ಸಂಬಂಧಿಸಿದಂತೆ ಈ ಕೆಳಕಂಡ ಅಂಶಗಳನ್ನು ನಿಗದಿಪಡಿಸಲಾಗಿತ್ತು.

ಅ) ಕಿರುಯೋಜನೆಯನ್ನು ಒಬ್ಬ ವಿದ್ಯಾರ್ಥಿಗೆ ಅಥವಾ ನಾಲ್ವರನ್ನು ಮೀರದ ತಂಡಕ್ಕೆ ವಹಿಸಬಹುದು.

ಆ) ಒಂದೇ ವಿಭಾಗಕ್ಕೆ ಸಂಬಂಧಿಸಿದ ಕಿರುಯೋಜನೆಯ ಆಂತರಿಕ ಅಂಕಗಳನ್ನು ವಿಭಾಗದ ಮುಖ್ಯಸ್ಥರು ಹಾಗೂ ಇಬ್ಬರು ಅಧ್ಯಾಪಕರನ್ನು ಒಳಗೊಂಡ ಸಮಿತಿಯು ನೀಡುತ್ತದೆ. ಅಧ್ಯಾಪಕರಲ್ಲಿ ಒಬ್ಬರು ಮಾರ್ಗದರ್ಶಕರಾಗಿರುತ್ತಾರೆ.

ಇ) ವರದಿ, ಮಂಡನೆ ಹಾಗೂ ಪ್ರಶ್ನೋತ್ತರ ಇವುಗಳಿಗೆ 50:25:25ರ ಅನುಪಾತದಲ್ಲಿ ಅಂಕಗಳನ್ನು ಹಂಚಲಾಗುತ್ತದೆ.

ಈ) ವರದಿಗೆ ನೀಡುವ ಅಂಕಗಳು ತಂಡದ ಎಲ್ಲ ಸದಸ್ಯರಿಗೂ ಒಂದೇ ಆಗಿರುತ್ತವೆ.

ಸ್ವಾಯತ್ತ ಕಾಲೇಜುಗಳಲ್ಲಿ ಹಾಗೂ ನಂತರದ ಪಠ್ಯಕ್ರಮ ಯೋಜನೆಗಳಲ್ಲಿ ಅಂಕಗಳ ಹಂಚಿಕೆ ಬೇರೆಯಾಗಿರಬಹುದು. ಆದುದರಿಂದ ವಿದ್ಯಾರ್ಥಿಯು ತನ್ನ ಪ್ರವೇಶದ ವರ್ಷಕ್ಕೆ ಅನ್ವಯವಾಗುವ ನಿಯಮವನ್ನು ಕಾಲೇಜಿನಲ್ಲಿ ಮೊದಲೇ ಖಚಿತಪಡಿಸಿಕೊಳ್ಳುವುದು ಅವಶ್ಯ.

3. ವಿಷಯದ ಆಯ್ಕೆ

ಕಿರುಯೋಜನೆಯ ವಿಷಯವು ಒಂದೇ ಪ್ರಶ್ನೆಯ ರೂಪದಲ್ಲಿರಬೇಕು ಹಾಗೂ ಆ ಪ್ರಶ್ನೆಗೆ ಅಳತೆಯ ಮೂಲಕ ಉತ್ತರ ದೊರೆಯುವಂತಿರಬೇಕು. "ಕಾಂಕ್ರೀಟ್‌ನ ಅಧ್ಯಯನ" ಎಂಬುದು ವಿಷಯವಾಗಲಾರದು. "ನದಿ ಮರಳಿನ ಬದಲು ಎಂ-ಸ್ಯಾಂಡ್ ಬಳಸಿದಲ್ಲಿ ಅದೇ ಪ್ರಮಾಣದ ಕಾಂಕ್ರೀಟ್‌ನ ಬಲದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ?" ಎಂಬುದು ವಿಷಯವಾಗಬಲ್ಲದು. ಭಾರತೀಯ ಮಾನಕ ಐ.ಎಸ್. 383ರ 2016ರ ಪರಿಷ್ಕರಣೆಯಲ್ಲಿ ತಯಾರಿಸಿದ ಮರಳಿಗೂ ಮಾನದಂಡಗಳನ್ನು ನೀಡಿರುವುದರಿಂದ, ಹೋಲಿಕೆಗೆ ಆಧಾರವೂ ದೊರೆಯುತ್ತದೆ. ಸಿವಿಲ್ ವಿಭಾಗದ ಈ ಒಂದು ಉದಾಹರಣೆಯನ್ನೇ ಮುಂದಿನ ವಿವರಣೆಗೆ ಬಳಸಲಾಗಿದೆ. ಇತರೆ ವಿಭಾಗಗಳ ವಿದ್ಯಾರ್ಥಿಗಳೂ ತಮ್ಮ ವಿಷಯಕ್ಕೆ ತಕ್ಕಂತೆ ಇದೇ ಕ್ರಮವನ್ನು ಅನುಸರಿಸಬಹುದು.

4. ಸಾಮಗ್ರಿ ಮತ್ತು ಸಮಯದ ಲೆಕ್ಕ

ಎರಡು ಬಗೆಯ ಮರಳು, 7 ಮತ್ತು 28 ದಿನಗಳ ಎರಡು ಪರೀಕ್ಷೆಗಳು, ಪ್ರತಿ ಪರೀಕ್ಷೆಗೆ 3 ಕ್ಯೂಬ್‌ಗಳು ಎಂದರೆ ಒಟ್ಟು 12 ಕ್ಯೂಬ್‌ಗಳು ಬೇಕಾಗುತ್ತವೆ. 150 ಮಿ.ಮೀ. ಅಳತೆಯ ಒಂದು ಕ್ಯೂಬ್ ಸುಮಾರು 8 ಕಿಲೋಗ್ರಾಂ ತೂಗುತ್ತದೆ. ಅಂದರೆ ಪೋಲಾಗುವುದನ್ನು ಬಿಟ್ಟು ಸುಮಾರು 97 ಕಿಲೋಗ್ರಾಂ ಕಾಂಕ್ರೀಟನ್ನು ತಂಡವು ಕಲಸಬೇಕಾಗುತ್ತದೆ. ಈ ಲೆಕ್ಕವನ್ನು ಮೊದಲೇ ಮಾಡದಿದ್ದಲ್ಲಿ ಸಿಮೆಂಟ್ ಅಥವಾ ಅಚ್ಚುಗಳು ಅರ್ಧದಲ್ಲಿಯೇ ಸಾಲದೆ ಬರುತ್ತವೆ.

ಎಂಟು ವಾರಗಳ ಅವಧಿಯನ್ನು ಈ ರೀತಿ ಹಂಚಿಕೊಳ್ಳಬಹುದು:

1ನೇ ವಾರ: ವಿಷಯದ ನಿರ್ಧಾರ ಮತ್ತು ಮಾರ್ಗದರ್ಶಕರ ಒಪ್ಪಿಗೆ.
2ನೇ ವಾರ: ಮರಳು ಮತ್ತು ಜಲ್ಲಿಯ ಜರಡಿ ಪರೀಕ್ಷೆ, ಮಿಶ್ರಣದ ಪ್ರಮಾಣದ ಲೆಕ್ಕ.
3ನೇ ವಾರ: ಕ್ಯೂಬ್‌ಗಳನ್ನು ಎರಕ ಹೊಯ್ಯುವುದು.
4ನೇ ವಾರ: 7 ದಿನಗಳ ಪರೀಕ್ಷೆ.
5 ಮತ್ತು 6ನೇ ವಾರ: ವರದಿಯ ಮೊದಲ ಭಾಗದ ಬರವಣಿಗೆ.
7ನೇ ವಾರ: 28 ದಿನಗಳ ಪರೀಕ್ಷೆ.
8ನೇ ವಾರ: ಮಂಡನೆ ಮತ್ತು ಪ್ರಶ್ನೋತ್ತರ.

7 ಮತ್ತು 28 ಎರಡೂ ಪೂರ್ಣ ವಾರಗಳಾಗಿರುವುದರಿಂದ, ಮಂಗಳವಾರ ಎರಕ ಹೊಯ್ದ ಕ್ಯೂಬ್‌ನ ಪರೀಕ್ಷೆಯೂ ಮಂಗಳವಾರವೇ ಬರುತ್ತದೆ. ಆದರೆ ಮರುದಿನ ಅಚ್ಚು ಬಿಚ್ಚಿ ಕ್ಯೂಬ್‌ಗಳನ್ನು ನೀರಿನ ತೊಟ್ಟಿಗೆ ಹಾಕುವ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಅವಧಿ ಇರುವುದಿಲ್ಲ. ಈ ಕೆಲಸ ಯಾರದ್ದೆಂದು ಮೊದಲೇ ಬರೆದಿಟ್ಟುಕೊಂಡು, ಪ್ರಯೋಗಾಲಯ ಸಹಾಯಕರ ಅನುಮತಿ ಪಡೆದಿರಬೇಕು. ಪ್ರಯೋಗಾಲಯದಲ್ಲಿ 6 ಅಚ್ಚುಗಳು ಮಾತ್ರ ಲಭ್ಯವಿದ್ದಲ್ಲಿ, ಎರಡನೆಯ ಮಿಶ್ರಣವನ್ನು ಅಚ್ಚು ಬಿಚ್ಚಿದ ದಿನವೇ ಎರಕ ಹೊಯ್ಯುವುದು ಸೂಕ್ತ. ಅದನ್ನು ಮುಂದಿನ ವಾರಕ್ಕೆ ಬಿಟ್ಟಲ್ಲಿ 28ನೇ ದಿನವು 8ನೇ ವಾರಕ್ಕೆ ಬಂದು, ಮಂಡನೆಯ ವೇಳೆಗೆ ಫಲಿತಾಂಶವೇ ಇಲ್ಲದಂತಾಗಬಹುದು.

5. ದಿನಚರಿ ಪುಸ್ತಕ

ಪುಟ ಸಂಖ್ಯೆ ಹಾಕಿದ, ಹೊಲಿದ ಒಂದು ಪುಸ್ತಕವನ್ನು ತಂಡವು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು. ದಿನಾಂಕ, ಹಾಜರಿದ್ದ ಸದಸ್ಯರು, ಮಾಡಿದ ಕೆಲಸ, ಯಂತ್ರದಲ್ಲಿ ಓದಿದ ಅಂಕಿ ಹಾಗೂ ಆದ ತಪ್ಪುಗಳನ್ನು ಅಂದೇ ಶಾಯಿಯಲ್ಲಿ ಬರೆಯತಕ್ಕದ್ದು. ತಪ್ಪಾದ ಅಂಕಿಯನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಮಾರ್ಗದರ್ಶಕರು ವಾರಕ್ಕೊಮ್ಮೆ ಸಹಿ ಮಾಡುವುದು ಉಚಿತ.

ಮಂಡನೆ ಹಾಗೂ ಮೌಖಿಕ ಪ್ರಶ್ನೋತ್ತರಕ್ಕೆ ಲಿಖಿತ ಉತ್ತರಪತ್ರಿಕೆ ಇರುವುದಿಲ್ಲ. ಆದುದರಿಂದ ಯಾರು ಯಾವ ಕೆಲಸ ಮಾಡಿದರೆಂಬುದಕ್ಕೆ ಈ ಪುಸ್ತಕವೇ ಪ್ರಮುಖ ದಾಖಲೆಯಾಗುತ್ತದೆ.

6. ಫಲಿತಾಂಶವು ನಿರೀಕ್ಷೆಯಂತೆ ಬಾರದಿದ್ದಾಗ

28ನೇ ದಿನ ಎಂ-ಸ್ಯಾಂಡ್‌ನ ಮೂರು ಕ್ಯೂಬ್‌ಗಳು ಕ್ರಮವಾಗಿ 472.5, 585 ಮತ್ತು 630 ಕಿಲೋನ್ಯೂಟನ್ ಭಾರಕ್ಕೆ ಮುರಿದವು ಎಂದು ಭಾವಿಸೋಣ. ಕ್ಯೂಬ್‌ನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಆಗಿರುವುದರಿಂದ, ಬಲವು ಪ್ರತಿ ಚದರ ಮಿ.ಮೀ.ಗೆ 21, 26 ಮತ್ತು 28 ನ್ಯೂಟನ್ ಆಗುತ್ತದೆ. ಸರಾಸರಿ 25. ಐ.ಎಸ್. 456ರ ಪ್ರಕಾರ ಪ್ರತಿ ಕ್ಯೂಬ್‌ನ ಬಲವು ಸರಾಸರಿಯಿಂದ ಶೇಕಡ 15ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದು. ಇಲ್ಲಿ ಆ ಮಿತಿಯು 21.25ರಿಂದ 28.75. ಮೊದಲ ಕ್ಯೂಬ್ ಈ ಮಿತಿಯಿಂದ ಹೊರಗಿರುವುದರಿಂದ ಇಡೀ ಮಾದರಿಯ ಫಲಿತಾಂಶವೇ ಅಸಿಂಧುವಾಗುತ್ತದೆ.

ಈ ಸಂದರ್ಭದಲ್ಲಿ 21ನ್ನು 24 ಎಂದು ತಿದ್ದುವ ಆಸೆ ಉಂಟಾಗುವುದು ಸಹಜ. ಆ ಒಂದು ಅಂಕಿಯನ್ನು ತಿದ್ದಿದರೆ ಸರಾಸರಿ 26 ಆಗಿ, ಮೂರೂ ಕ್ಯೂಬ್‌ಗಳು ಮಿತಿಯೊಳಗೆ ಬಂದು, ವರದಿ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ 24 ಬರಬೇಕಾದಲ್ಲಿ ಯಂತ್ರವು 540 ಕಿಲೋನ್ಯೂಟನ್ ತೋರಿಸಿರಬೇಕು. ದಿನಚರಿ ಪುಸ್ತಕದಲ್ಲಿ ಇರುವುದು 472.5. ಪರೀಕ್ಷಕರಿಗೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಇದೇ ವಿದ್ಯಾರ್ಥಿ ಮುಂದೆ ಇಂಜಿನಿಯರ್ ಆಗಿ ಶಾಲಾ ಕಟ್ಟಡದ ಅಥವಾ ಸೇತುವೆಯ ಕ್ಯೂಬ್ ಪರೀಕ್ಷೆಯ ವರದಿಗೆ ಸಹಿ ಹಾಕಬೇಕಾಗುತ್ತದೆ. ಅಂದು ತಿದ್ದಿದ ಅಂಕಿಯ ಕೆಳಗೆ ಜನ ಓಡಾಡುತ್ತಾರೆ.

ಸರಿಯಾದ ಕ್ರಮವೆಂದರೆ, ಫಲಿತಾಂಶ ಅಸಿಂಧುವೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯುವುದು. ಕಾಂಕ್ರೀಟನ್ನು ಅಚ್ಚಿನಲ್ಲಿ ಸರಿಯಾಗಿ ಕುಟ್ಟಿರಲಿಲ್ಲವೇ, ಕ್ಯೂಬ್‌ನಲ್ಲಿ ರಂಧ್ರಗಳಿದ್ದವೇ, ಅದನ್ನು ಯಂತ್ರದಲ್ಲಿ ಮಧ್ಯಕ್ಕೆ ಇಟ್ಟಿರಲಿಲ್ಲವೇ ಎಂಬುದನ್ನು ಮುರಿದ ತುಂಡುಗಳನ್ನು ನೋಡಿ ಪರಿಶೀಲಿಸುವುದು. 7 ದಿನಗಳ ಪರೀಕ್ಷೆಯಿಂದ ಹೇಳಬಹುದಾದಷ್ಟನ್ನು ಮಾತ್ರ ಹೇಳುವುದು. ಇಂತಹ ವರದಿಯನ್ನು ವಿಫಲವೆಂದು ಪರಿಗಣಿಸುವುದು ಸರಿಯಲ್ಲ.

7. ವೈಯಕ್ತಿಕ ಮೌಲ್ಯಮಾಪನ

ವರದಿಯ ಅಂಕಗಳು ಎಲ್ಲರಿಗೂ ಒಂದೇ ಆಗಿರುವಲ್ಲಿ, ದುಡಿದವರಿಗೂ ದುಡಿಯದವರಿಗೂ ಇರುವ ವ್ಯತ್ಯಾಸವು ಉಳಿದ 50 ಅಂಕಗಳಲ್ಲಿ ಮಾತ್ರ ಕಾಣಬೇಕಾಗುತ್ತದೆ. ಉದಾಹರಣೆಗೆ, 100 ಅಂಕಗಳ ಲೆಕ್ಕದಲ್ಲಿ ತಂಡದ ವರದಿಗೆ 40 ಅಂಕ ದೊರೆತಿದೆ ಎಂದಿಟ್ಟುಕೊಳ್ಳೋಣ. ಪ್ರತಿವಾರ ಪ್ರಯೋಗಾಲಯಕ್ಕೆ ಬಂದ ವಿದ್ಯಾರ್ಥಿನಿಗೆ ಮಂಡನೆಯಲ್ಲಿ 20, ಪ್ರಶ್ನೋತ್ತರದಲ್ಲಿ 21 ಸೇರಿ ಒಟ್ಟು 81 ಆಗುತ್ತದೆ. ಒಮ್ಮೆಯೂ ಬಾರದ, ಆದರೆ ಚೆನ್ನಾಗಿ ಮಾತನಾಡಬಲ್ಲ ವಿದ್ಯಾರ್ಥಿಗೆ ಮಂಡನೆಯಲ್ಲಿ 18, ಪ್ರಶ್ನೋತ್ತರದಲ್ಲಿ 5 ಸೇರಿ 63 ಆಗುತ್ತದೆ. ಪ್ರಶ್ನೋತ್ತರವನ್ನು ಕಾಟಾಚಾರಕ್ಕೆ ನಡೆಸಿ ಇಬ್ಬರಿಗೂ 20 ನೀಡಿದಲ್ಲಿ, ಅಂಕಗಳು 80 ಮತ್ತು 78 ಆಗಿ ವ್ಯತ್ಯಾಸವು ಎರಡಕ್ಕೆ ಇಳಿಯುತ್ತದೆ. ಪ್ರಾಮಾಣಿಕ ವಿದ್ಯಾರ್ಥಿಗೆ ಅನ್ಯಾಯವಾಗುವುದೂ, ಕೊಂಡು ತಂದ ಪ್ರಾಜೆಕ್ಟ್‌ಗೆ ಬೆಲೆ ಬರುವುದೂ ಇಲ್ಲಿಯೇ.

ಆದುದರಿಂದ ಪ್ರಶ್ನೆಗಳು ಪಠ್ಯಪುಸ್ತಕದ ವ್ಯಾಖ್ಯೆಗಳ ಬದಲು ಮಾಡಿದ ಕೆಲಸವನ್ನು ಕುರಿತಿರಬೇಕು. "ಈ ಕ್ಯೂಬ್‌ನ ಅಚ್ಚನ್ನು ಎಂದು ಬಿಚ್ಚಿದಿರಿ?", "ಎರಕ ಹೊಯ್ದಾಗ ಮೇಲಿದ್ದ ಮುಖವನ್ನು ಯಂತ್ರದಲ್ಲಿ ಪಕ್ಕಕ್ಕೆ ಏಕೆ ತಿರುಗಿಸಿದಿರಿ?", "ಈ ಪುಟದ ಅಂಕಿಯಿಂದ ಬಲವನ್ನು ಈಗಲೇ ಲೆಕ್ಕ ಹಾಕಿ ತೋರಿಸಿ" ಎಂಬಂತಹ ಪ್ರಶ್ನೆಗಳಿಗೆ ಕೆಲಸ ಮಾಡಿದವರು ಸುಲಭವಾಗಿ ಉತ್ತರಿಸುತ್ತಾರೆ. ಎರಕದ ಮೇಲ್ಮುಖವು ಅಚ್ಚಿನ ಬದಿಗಳಷ್ಟು ಸಮತಟ್ಟಾಗಿರುವುದಿಲ್ಲ ಎಂಬುದು ಅದನ್ನು ಕೈಯಿಂದ ಸವರಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ ಮಾತನಾಡಲು ಹಿಂಜರಿಯುವ ವಿದ್ಯಾರ್ಥಿಗಳಿಗೂ ಇಂತಹ ಪ್ರಶ್ನೆಗಳಿಂದ ನ್ಯಾಯ ದೊರೆಯುತ್ತದೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊರಗಿನಿಂದ ಏನನ್ನೂ ಕೊಳ್ಳಬಾರದೇ?
ಉತ್ತರ: ಸಿಮೆಂಟ್, ಸಂವೇದಕ, ತಂತಿ ಮುಂತಾದ ಸಾಮಗ್ರಿಗಳನ್ನು ಕೊಳ್ಳಬಹುದು. ಜೋಡಣೆ, ಅಳತೆ ಮತ್ತು ಬರವಣಿಗೆಯನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸಬಾರದು. ಕೊಂಡ ಸಾಮಗ್ರಿಯ ರಸೀದಿಗಳನ್ನು ದಿನಚರಿ ಪುಸ್ತಕದಲ್ಲಿ ಅಂಟಿಸಿಡುವುದು ಒಳ್ಳೆಯದು.

ಪ್ರಶ್ನೆ: ಅನಾರೋಗ್ಯದಿಂದ ಪರೀಕ್ಷೆಯ ದಿನ ಗೈರುಹಾಜರಾದಲ್ಲಿ?
ಉತ್ತರ: ಮಾರ್ಗದರ್ಶಕರಿಗೆ ಲಿಖಿತವಾಗಿ ತಿಳಿಸಿ, ಲೆಕ್ಕಾಚಾರ ಅಥವಾ ಬೇರೆ ಕೆಲಸದ ಹೊಣೆ ಹೊತ್ತು ಅದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಹಾಜರಿರದ ದಿನಕ್ಕೆ ನಂತರ ಹೆಸರು ಸೇರಿಸಬಾರದು.

ಪ್ರಶ್ನೆ: ತಂಡದ ಒಬ್ಬ ಸದಸ್ಯ ಕೆಲಸ ಮಾಡುತ್ತಿಲ್ಲ. ಏನು ಮಾಡಬೇಕು?
ಉತ್ತರ: ಕೊನೆಯ ವಾರದವರೆಗೆ ಕಾಯದೆ ಮಾರ್ಗದರ್ಶಕರ ಗಮನಕ್ಕೆ ತರಬೇಕು. ವಾರದ ಸಹಿಯ ಸಮಯವು ಇದಕ್ಕೆ ಸೂಕ್ತ.

ಪ್ರಶ್ನೆ: ಅಂಕಗಳ ಬಗ್ಗೆ ಆಕ್ಷೇಪಣೆ ಇದ್ದಲ್ಲಿ?
ಉತ್ತರ: ಆಂತರಿಕ ಅಂಕಗಳು ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗುವ ಮುನ್ನವೇ ಮಾರ್ಗದರ್ಶಕರನ್ನು, ನಂತರ ವಿಭಾಗದ ಮುಖ್ಯಸ್ಥರು ಹಾಗೂ ಪ್ರಾಂಶುಪಾಲರನ್ನು ಲಿಖಿತ ಮನವಿಯೊಂದಿಗೆ ಸಂಪರ್ಕಿಸಬೇಕು. ದಿನಚರಿ ಪುಸ್ತಕದ ಪ್ರತಿಯನ್ನು ಮನವಿಯ ಜೊತೆ ಲಗತ್ತಿಸಬೇಕು.

9. ಮುಂದಿನ ಅವಕಾಶ

ಕಿರುಯೋಜನೆಯಲ್ಲಿ ಉಳಿದುಹೋದ ಪ್ರಶ್ನೆಯನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಮುಂದುವರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸುತ್ತಾ ಬಂದಿದ್ದು, ಆಯ್ಕೆಯಾದ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆ ಧನಸಹಾಯ ನೀಡುತ್ತದೆ. ಪ್ರಸ್ತಾವನೆಗಳನ್ನು ಕಾಲೇಜಿನ ಮೂಲಕ ಸಲ್ಲಿಸಬೇಕಾಗಿರುತ್ತದೆ. ಆ ವರ್ಷದ ಪ್ರಕಟಣೆ ಹಾಗೂ ಕೊನೆಯ ದಿನಾಂಕದ ಬಗ್ಗೆ ವಿಭಾಗದ ಮುಖ್ಯಸ್ಥರಲ್ಲಿ ವಿಚಾರಿಸಬಹುದು. ಎಂ-ಸ್ಯಾಂಡ್‌ನ ಮಾದರಿ ಏಕೆ ಅಸಿಂಧುವಾಯಿತೆಂದು ಪ್ರಾಮಾಣಿಕವಾಗಿ ಬರೆದಿಟ್ಟ ತಂಡಕ್ಕೆ, ಅಂತಹ ಪ್ರಸ್ತಾವನೆಯ ಮೊದಲ ಪುಟ ಈಗಾಗಲೇ ಸಿದ್ಧವಾಗಿರುತ್ತದೆ.